ನಮ್ಮನ್ನು ಕೇಳದೆ ಮಾಡಿದ ತೀರ್ಮಾನಗಳು

ಕಾಫಿ ತೋಟದ ಮನೆಗಳಲ್ಲಿ ಮಕ್ಕಳಿಗೆ ಕೆಲಸ ಕಲಿಸಬೇಕು ಅಂತ ಯಾರೂ ಕೂರುವುದಿಲ್ಲ. ಅವರೇ ನೋಡಿ ಕಲಿಯುತ್ತಾರೆ. ಕಣದಲ್ಲಿ ಹರಡಿದ ಕಾಫಿಗೆ ಕೈಯಾಡಿಸುವುದು, ಕೋಳಿ ಓಡಿಸುವುದು, ಮೋಡ ಕಂಡರೆ ಟಾರ್ಪಾಲು ಎಳೆಯುವುದು, ಬಳ್ಳಿಯ ಕೆಳಗೆ ಉದುರಿದ ಮೆಣಸು ಆರಿಸುವುದು. ನಮ್ಮ ಮೂಡಿಗೆರೆ ಕಡೆ ಏಳೆಂಟು ವರ್ಷದ ಮಕ್ಕಳಿಗೂ ಇದೆಲ್ಲ ಬರುತ್ತದೆ. ನನ್ನ ಮಗಳು, ಮಗ ಇಬ್ಬರೂ ಹಾಗೇ ಬೆಳೆದರು. ನೆಂಟರು ಬಂದಾಗ ‘ಮಕ್ಕಳು ಎಷ್ಟು ಚುರುಕು’ ಅನ್ನುತ್ತಿದ್ದರು. ಕೇಳಿ ಖುಷಿಯಾಗುತ್ತಿತ್ತು.

ಆದರೆ ಈಗ ಎರಡು ಮೂರು ವರ್ಷದಿಂದ ನನಗೆ ಆಗುತ್ತಿರುವ ಹೆಮ್ಮೆ ಬೇರೆ ಥರದ್ದು. ಹೇಳಿದ ಕೆಲಸವನ್ನು ಚೆನ್ನಾಗಿ ಮಾಡುವ ಮಕ್ಕಳು ಊರು ತುಂಬ ಇದ್ದಾರೆ. ಹೇಳುವವರು ಯಾರೂ ಇಲ್ಲದಾಗ, ಈಗ ಏನು ಮಾಡಬೇಕು ಅಂತ ತಾನೇ ಯೋಚಿಸಿ, ತಾನೇ ಒಂದು ತೀರ್ಮಾನಕ್ಕೆ ಬಂದು, ಅದನ್ನು ಮಾಡಿ ಮುಗಿಸುವುದಿದೆಯಲ್ಲ, ಅದು ಬೇರೆಯೇ ವಿಷಯ. ಮಗಳಿಗೆ ಈಗ 18 ತುಂಬಿದೆ, ಚಿಕ್ಕಮಗಳೂರಿನಲ್ಲಿ ಡಿಗ್ರಿ ಓದುತ್ತಿದ್ದಾಳೆ. ಮಗನಿಗೆ 16, ಎಸ್‌ಎಸ್‌ಎಲ್‌ಸಿ ಮುಗಿಸುತ್ತಿದ್ದಾನೆ. ಇಬ್ಬರೂ ಈ ಬೇರೆ ವಿಷಯವನ್ನು ಕಲಿಯುವುದನ್ನು ನಾನು ಹತ್ತಿರದಿಂದ ನೋಡಿದೆ. ಕಲಿಸಿದ್ದು ನಾನು ಅಂತ ಹೇಳಿಕೊಳ್ಳಲು ಬರುವುದಿಲ್ಲ, ಯಾಕೆಂದರೆ ಆ ಹೊತ್ತಿನಲ್ಲಿ ನಾನು ಅಲ್ಲಿ ಇರಲೇ ಇಲ್ಲ.

ಮಗಳು ಎರಡನೇ ಪಿಯುಸಿಯಲ್ಲಿದ್ದಾಗಿನ ಒಂದು ಸಂಜೆಯ ವಿಷಯ ಹೇಳಬೇಕು. ಆಗ ಅವಳು ಮೂಡಿಗೆರೆಗೆ ಕಾಲೇಜಿಗೆ ಹೋಗುತ್ತಿದ್ದಳು. ಸಂಜೆ ಖಾಸಗಿ ಬಸ್ಸಿನಲ್ಲಿ ಬಂದು ನಮ್ಮ ಕ್ರಾಸಿನಲ್ಲಿ ಇಳಿದರೆ, ಅಲ್ಲಿಂದ ಮನೆಗೆ ತೋಟಗಳ ಮಧ್ಯದ ಮಣ್ಣು ರಸ್ತೆಯಲ್ಲಿ ನಡೆಯಬೇಕು. ಎರಡೂ ಕಡೆ ಸಿಲ್ವರ್ ಮರ, ಮೆಣಸಿನ ಬಳ್ಳಿ, ಕಾಫಿ ಗಿಡ. ಡಿಸೆಂಬರ್‌ನಲ್ಲಿ ಆರು ಗಂಟೆಗೆಲ್ಲ ಆ ದಾರಿಯಲ್ಲಿ ಕತ್ತಲು. ಕ್ರಾಸಿನಿಂದ ಮನೆಯವರೆಗೆ ಎಲ್ಲೂ ಮೊಬೈಲ್‌ಗೆ ನೆಟ್‌ವರ್ಕ್ ಸಿಗುವುದಿಲ್ಲ. ಮಲೆನಾಡಿನಲ್ಲಿ ಇರುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ನಮ್ಮ ಕಡೆ ಆನೆ ಕಾಟವೂ ಗೊತ್ತಿರುವುದೇ. ಮೂಡಿಗೆರೆ, ಬೇಲೂರು, ಸಕಲೇಶಪುರ, ಆಲೂರು, ಈ ಇಡೀ ಪಟ್ಟಿಯಲ್ಲಿ ಆನೆಗಳು ಕಾಡಿನಲ್ಲಿ ಇರುವುದಕ್ಕಿಂತ ಕಾಫಿ ತೋಟದಲ್ಲಿ ಇರುವುದೇ ಜಾಸ್ತಿ ಅನ್ನಿಸುವ ಹಾಗಾಗಿದೆ. ತೋಟದಲ್ಲಿ ನೆರಳಿದೆ, ಕೆರೆಯಲ್ಲಿ ನೀರಿದೆ, ಹಲಸು, ಬಾಳೆ, ಪಕ್ಕದಲ್ಲಿ ಭತ್ತದ ಗದ್ದೆ. ಅವಕ್ಕೆ ಇನ್ನೇನು ಬೇಕು? 2022ರಲ್ಲಿ ಸರ್ಕಾರ ಚಿಕ್ಕಮಗಳೂರು, ಹಾಸನ, ಕೊಡಗು, ಮೈಸೂರು ಜಿಲ್ಲೆಗಳಿಗೆ ಆನೆ ಕಾರ್ಯಪಡೆ ಮಾಡಿದ ಮೇಲೆ, ಆನೆ ಯಾವ ತೋಟದಲ್ಲಿದೆ ಅಂತ ವಾಟ್ಸಾಪ್ ಗುಂಪುಗಳಿಗೆ ಸಂದೇಶ ಬರುತ್ತದೆ. ಬೆಳಿಗ್ಗೆ ಎದ್ದ ಕೂಡಲೇ ಕಾಫಿ ರೇಟಿಗಿಂತ ಮೊದಲು ನಾವು ನೋಡುವುದು ಅದನ್ನೇ.

ಆ ಸಂಜೆ ಮಗಳು ಬಸ್ಸಿಳಿದಾಗ ಅವಳ ಜೊತೆ ಹೈಸ್ಕೂಲಿನ ಮೂರು ಮಕ್ಕಳೂ ಇಳಿದರು. ಕ್ರಾಸಿನ ಅಂಗಡಿಯವರು, ‘ಮಧ್ಯಾಹ್ನ ಪಕ್ಕದ ಎಸ್ಟೇಟಿನಲ್ಲಿ ಆನೆ ಕಂಡಿದೆಯಂತೆ, ಎತ್ತ ಹೋಯಿತು ಗೊತ್ತಿಲ್ಲ’ ಅಂದರಂತೆ. ಚಿಕ್ಕ ಮಕ್ಕಳು ಹೆದರಿಕೊಂಡರು. ಒಬ್ಬ ಹುಡುಗ ‘ಓಡಿ ಹೋದರೆ ಹತ್ತೇ ನಿಮಿಷ’ ಅಂತ ಶುರು ಮಾಡಿದ. ಮಗಳು ಅವನನ್ನು ಕೈ ಹಿಡಿದು ಅಂಗಡಿಯ ಬೆಂಚಿನ ಮೇಲೆ ಕೂರಿಸಿದಳು. ಬಸ್ಸು ಇನ್ನೂ ಹೊರಟಿರಲಿಲ್ಲ. ಅವಳು ಕಂಡಕ್ಟರ್ ಹತ್ತಿರ ಓಡಿ ಹೋಗಿ, ‘ಅಣ್ಣಾ, ಮುಂದಿನ ಸ್ಟಾಪಿನ ಅಂಗಡಿಯಲ್ಲಿ ನೆಟ್‌ವರ್ಕ್ ಸಿಗುತ್ತೆ. ಅಲ್ಲಿಂದ ನಮ್ಮ ಮನೆಯ ಲ್ಯಾಂಡ್‌ಲೈನಿಗೆ ಒಂದು ಫೋನ್ ಮಾಡಿಸಿ. ನಾವೆಲ್ಲ ಕ್ರಾಸಿನಲ್ಲೇ ಇದ್ದೀವಿ, ಯಾರೂ ಹುಡುಕಿಕೊಂಡು ಬರಬೇಡಿ ಅಂತ ಹೇಳಿ’ ಅಂದಳಂತೆ. ನಂಬರನ್ನು ಟಿಕೆಟ್ಟಿನ ಹಿಂದೆ ಬರೆದು ಕೊಟ್ಟಳು.

ಫೋನ್ ಬಂತು. ಅಷ್ಟರಲ್ಲಿ ನಮ್ಮವರು ಟಾರ್ಚ್ ಹಿಡಿದು ಚಪ್ಪಲಿ ಮೆಟ್ಟುತ್ತಿದ್ದರು. ಆ ಫೋನ್ ಬಾರದಿದ್ದರೆ ಅವರು ಒಬ್ಬರೇ ಆ ಕತ್ತಲ ದಾರಿಯಲ್ಲಿ ಹೊರಡುತ್ತಿದ್ದರು, ಅದರಲ್ಲಿ ಅನುಮಾನವೇ ಇಲ್ಲ. ಏಳೂವರೆಗೆ ಹಾಲಿನ ಜೀಪು ಆ ದಾರಿಯಲ್ಲಿ ಬರುತ್ತದೆ ಅನ್ನುವುದು ಮಗಳಿಗೆ ಗೊತ್ತಿತ್ತು. ಅದು ಬರುವ ತನಕ ಕಾದು, ಮೂರು ಮಕ್ಕಳನ್ನೂ ಅವರವರ ಮನೆ ಬಾಗಿಲಿಗೆ ಇಳಿಸಿ, ಕೊನೆಗೆ ತಾನು ಬಂದಳು. ಬಂದವಳು ಕಾಲು ತೊಳೆದು, ‘ಅಮ್ಮಾ, ಹಸಿವು’ ಅಂದಳು. ಅಷ್ಟೇ.

ರಾತ್ರಿ ಊಟವಾದ ಮೇಲೆ ನಾನು ಕೇಳಿದೆ, ‘ಮೊದಲು ನಮಗೆ ಫೋನ್ ಮಾಡಿಸಬೇಕು ಅಂತ ಹೇಗೆ ಹೊಳೆಯಿತು?’ ಅಂತ. ಅವಳು ಹೇಳಿದ್ದು ಇದು: ‘ನಾನು ಅಂಗಡಿಯಲ್ಲಿ ಕೂತರೆ ನನಗೇನೂ ಆಗಲ್ಲ. ಆದರೆ ನಾನು ಬರಲಿಲ್ಲ ಅಂತ ಅಪ್ಪ ಹೊರಡ್ತಾರೆ. ದಾರಿಯಲ್ಲಿ ಇರೋದು ಅಪ್ಪ ಒಬ್ಬರೇ ಆಗ್ತಾರೆ. ಅದಕ್ಕೆ.’

ಈ ಮಾತನ್ನು ನಾನು ಎಷ್ಟು ಜನರ ಹತ್ತಿರ ಹೇಳಿದ್ದೇನೋ. ಹದಿನೇಳು ವರ್ಷದ ಹುಡುಗಿ ಭಯದಲ್ಲಿ ನಿಂತಾಗ ತನ್ನ ಬಗ್ಗೆ ಯೋಚಿಸಿದರೆ ಯಾರೂ ತಪ್ಪು ಹೇಳುವುದಿಲ್ಲ. ಅವಳು ಅಪ್ಪ ಏನು ಮಾಡಬಹುದು ಅಂತ ಯೋಚಿಸಿದಳು. ಇಷ್ಟು ವರ್ಷ ನಾವು ಅವಳ ಪರವಾಗಿ ಹಾಗೆ ಯೋಚಿಸುತ್ತಿದ್ದೆವು: ಇವಳು ಹೀಗೆ ಮಾಡಬಹುದು, ಅದಕ್ಕೆ ಮುಂಚೆಯೇ ನಾವು ಹೀಗೆ ಮಾಡಿಬಿಡೋಣ ಅಂತ. ಅವತ್ತು ಅವಳು ಅದನ್ನು ನಮಗೆ ಮಾಡಿದಳು. ಪರೀಕ್ಷೆಯಲ್ಲಿ ಎಷ್ಟೇ ಅಂಕ ಬಂದರೂ ನನಗೆ ಇಷ್ಟು ಎದೆ ತುಂಬಿ ಬರುತ್ತಿರಲಿಲ್ಲ.

ಆಮೇಲೆ ಯೋಚಿಸಿದಾಗ ಇನ್ನೊಂದು ವಿಷಯ ಕಂಡಿತು. ಮಗಳು ಅವತ್ತು ಒಬ್ಬಳೇ ಎಲ್ಲ ನಿಭಾಯಿಸಿದಳು ಅನ್ನುತ್ತೇವೆ. ಆದರೆ ಆ ಸಂಜೆ ಎಷ್ಟು ಜನ ಇದ್ದರು ನೋಡಿ. ಅಂಗಡಿಯವರು, ಕಂಡಕ್ಟರ್, ಮುಂದಿನ ಸ್ಟಾಪಿನವರು, ಹಾಲಿನ ಜೀಪಿನ ಡ್ರೈವರ್. ಯಾರನ್ನು ಏನು ಕೇಳಬಹುದು, ಯಾರ ಮಾತನ್ನು ನಂಬಬಹುದು ಅನ್ನುವ ಒಂದು ಲೆಕ್ಕ ಅವಳ ತಲೆಯಲ್ಲಿ ಮೊದಲೇ ಇತ್ತು. ದಿನಾ ಬಸ್ಸಿನಲ್ಲಿ ಓಡಾಡಿದ್ದರಿಂದ ಬಂದ ಲೆಕ್ಕ ಅದು. ನಾವು ದಿನಾ ಕಾರಿನಲ್ಲಿ ಬಿಟ್ಟು ಕರೆದುಕೊಂಡು ಬಂದಿದ್ದರೆ ಅವಳಿಗೆ ಕಂಡಕ್ಟರ್ ಮುಖ ಗೊತ್ತಿರುತ್ತಿರಲಿಲ್ಲ, ಜೀಪು ಎಷ್ಟು ಹೊತ್ತಿಗೆ ಬರುತ್ತದೆ ಅನ್ನುವುದೂ ಗೊತ್ತಿರುತ್ತಿರಲಿಲ್ಲ. ತನ್ನ ಕಾಲ ಮೇಲೆ ನಿಲ್ಲುವುದು ಅಂದರೆ ಯಾರ ಸಹಾಯವೂ ಬೇಡ ಅನ್ನುವುದು ಅಂತ ಬಹಳ ಜನ ತಿಳಿದಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಅಪ್ಪ ಅಮ್ಮನನ್ನು ಬಿಟ್ಟು ಬೇರೆಯವರನ್ನೂ ಧೈರ್ಯವಾಗಿ, ಮರ್ಯಾದೆಯಿಂದ ಕೇಳಲು ಬರಬೇಕು. ಅದು ಬಂದರೆ ಅರ್ಧ ಬಂದ ಹಾಗೆ.

ನಾನು ಬೇಲೂರು ಕಡೆಯವಳು. ಹದಿನೇಳರ ವಯಸ್ಸಿನಲ್ಲಿ ನಾನು ಹಾಸನಕ್ಕೆ ಹೋಗಬೇಕಾದರೆ ಅಣ್ಣ ಜೊತೆಗೆ ಬರಬೇಕಿತ್ತು. ಬೇಸರದಿಂದ ಹೇಳುತ್ತಿಲ್ಲ, ಆಗ ಎಲ್ಲರ ಮನೆಯಲ್ಲೂ ಹಾಗೇ ಇತ್ತು. ಅಣ್ಣ ಚೆನ್ನಾಗಿಯೇ ನೋಡಿಕೊಂಡ. ಆದರೆ ಬಸ್ ಸ್ಟ್ಯಾಂಡಿನಲ್ಲಿ ಯಾವ ಬಸ್ಸು ಎಲ್ಲಿ ನಿಲ್ಲುತ್ತದೆ ಅಂತ ಕೇಳುವ ಅವಕಾಶ ನನಗೆ ಬರಲೇ ಇಲ್ಲ. ಅದಕ್ಕೇ ಮಗಳ ಓಡಾಟ ನೋಡುವಾಗ ನನಗೆ ಒಂದು ಥರ ಹೆಚ್ಚಿನ ಸಂತೋಷ.

ಅವಳ ಓಡಾಟಕ್ಕೆ ನಿಜವಾಗಿ ದಾರಿ ಮಾಡಿದ್ದು ಶಕ್ತಿ ಯೋಜನೆ. 2023ರ ಜೂನ್ 11ರಿಂದ ಸರ್ಕಾರಿ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ದುಡ್ಡಿಲ್ಲ. ಈ ಯೋಜನೆಯ ಬಗ್ಗೆ ಟೀಕೆ ಮಾಡುವವರು ಬಹಳ ಇದ್ದಾರೆ. ಅವರ ಜೊತೆ ನಾನು ವಾದಕ್ಕೆ ಇಳಿಯುವುದಿಲ್ಲ, ನಮ್ಮ ಮನೆಯಲ್ಲಿ ಆದದ್ದನ್ನು ಮಾತ್ರ ಹೇಳುತ್ತೇನೆ. ಮೊದಲು ಮಗಳು ಎಲ್ಲಿಗೆ ಹೊರಟರೂ ‘ಅಮ್ಮಾ, ಬಸ್ಸಿಗೆ ದುಡ್ಡು’ ಅನ್ನುವುದರಿಂದ ಶುರುವಾಗುತ್ತಿತ್ತು. ದುಡ್ಡು ಕೊಡುವವರು ‘ಎಲ್ಲಿಗೆ, ಯಾಕೆ’ ಅಂತ ಕೇಳೇ ಕೇಳುತ್ತಾರೆ. ‘ಇವತ್ತೇ ಹೋಗಬೇಕಾ’ ಅಂತಲೂ ಕೇಳುತ್ತಾರೆ. ಈಗ ಅವಳು ಆಧಾರ್ ತೋರಿಸುತ್ತಾಳೆ, ಶೂನ್ಯ ದರದ ಟಿಕೆಟ್ ತೆಗೆದುಕೊಳ್ಳುತ್ತಾಳೆ. ಮೂಡಿಗೆರೆಯಿಂದ ಚಿಕ್ಕಮಗಳೂರಿಗೆ ಹೆಚ್ಚುಕಮ್ಮಿ 30 ಕಿಲೋಮೀಟರ್. ಶನಿವಾರ ಕಾಲೇಜು ಮುಗಿದ ಮೇಲೆ ಲೈಬ್ರರಿಗೆ ಹೋಗಿ ಬರುತ್ತಾಳೆ. ಒಮ್ಮೆ ಗೆಳತಿಯರ ಜೊತೆ ಹಳೇಬೀಡಿಗೆ ಹೋಗಿ ಬಂದಳು. ಹೊರಡುವ ಮುಂಚೆ ಹೇಳಿ ಹೋಗುತ್ತಾಳೆ, ಕೇಳಿ ಹೋಗುವುದಿಲ್ಲ. ನನಗೆ ಅಷ್ಟು ಸಾಕು. ನಮ್ಮ ಊರಿನ ಒಳಗೆ ಬರುವುದು ಖಾಸಗಿ ಬಸ್ಸೇ ಆದ್ದರಿಂದ ಆ ಸ್ವಲ್ಪ ದೂರಕ್ಕೆ ಈಗಲೂ ಟಿಕೆಟ್ ತೆಗೆಯಲೇಬೇಕು. ಅದಕ್ಕೆ ಅವಳ ಹತ್ತಿರ ಅವಳದೇ ದುಡ್ಡಿದೆ.

ಅವಳ ದುಡ್ಡು ಅಂದೆನಲ್ಲ, ಅದು ಕಾಫಿ ಕುಯ್ಲಿನ ಕಾಲದಲ್ಲಿ ದುಡಿದದ್ದು. ನಮ್ಮದು ಸಣ್ಣ ತೋಟ. ಅರೇಬಿಕಾ ಹಣ್ಣು ನವೆಂಬರಿನಿಂದ ಜನವರಿ ತನಕ, ಅದು ಮುಗಿಯುವ ಹೊತ್ತಿಗೆ ರೋಬಸ್ಟಾ. ಹೊರಗಿನಿಂದ ಕುಯ್ಯುವವರು ಬರುತ್ತಾರೆ, ಈಗೀಗ ಅಸ್ಸಾಂ ಕಡೆಯವರೇ ಜಾಸ್ತಿ. ಕೆಜಿ ಲೆಕ್ಕದಲ್ಲಿ ಕೂಲಿ. ಸಂಜೆ ತೂಕ ಮಾಡಿ ಬರೆಯಬೇಕು, ವಾರಕ್ಕೊಮ್ಮೆ ಬಟವಾಡೆ ಮಾಡಬೇಕು, ಅರೇಬಿಕಾ ಹಣ್ಣನ್ನು ಅವತ್ತೇ ಸಿಪ್ಪೆ ಬಿಡಿಸುವ ಯಂತ್ರವಾದ ಪಲ್ಪರ್‌ಗೆ ಹಾಕಬೇಕು. ಇಟ್ಟುಕೊಂಡರೆ ಹುಳಿ ಹಿಡಿದು ರುಚಿ ಕೆಡುತ್ತದೆ. ಹಿಂದಿನ ಕುಯ್ಲಿನಲ್ಲಿ ನಮ್ಮವರು ಜ್ವರ ಬಂದು ಮಲಗಿದರು. ತೂಕ ಮತ್ತು ಲೆಕ್ಕದ ಕೆಲಸ ಮಗಳು ವಹಿಸಿಕೊಂಡಳು. ತೋಟದ ಲೆಕ್ಕ ಬರೆಯಲು ರೈಟರ್ ಇಡುವಷ್ಟು ದೊಡ್ಡ ತೋಟ ನಮ್ಮದಲ್ಲ. ಆದರೂ ರೈಟರ್‌ಗೆ ಕೊಡುವ ಸಂಬಳವನ್ನು ಅವಳಿಗೇ ಕೊಡಬೇಕು ಅಂತ ಅವಳಪ್ಪನೇ ಹೇಳಿದರು.

ಮೊದಲೆರಡು ದಿನ ಹೇಳಿದ ಹಾಗೇ ಬರೆದಳು. ಮೂರನೇ ದಿನ ಒಂದು ಖಾಲಿ ಚೀಲವನ್ನು ತೂಕಕ್ಕೆ ಇಟ್ಟಳು. ತೂಕ ಮಾಡುವಾಗ ಚೀಲದ ಲೆಕ್ಕ ಅಂತ ಒಂದೊಂದು ಕೆಜಿ ಕಳೆಯುವುದು ನಮ್ಮ ಮಾವನವರ ಕಾಲದಿಂದ ನಡೆದು ಬಂದದ್ದು. ಆಗ ಎಲ್ಲ ಗೋಣಿಚೀಲ, ಒದ್ದೆಯಾದರೆ ಕೆಜಿಗೂ ಮೇಲೆ ತೂಗುತ್ತಿತ್ತು. ಈಗಿನದು ಪ್ಲಾಸ್ಟಿಕ್ ಚೀಲ, ಅದಕ್ಕೆ ತೂಕವೇ ಇಲ್ಲ ಅನ್ನಬಹುದು. ಚೀಲ ಬದಲಾಗಿತ್ತು, ಲೆಕ್ಕ ಮಾತ್ರ ಹಾಗೇ ಉಳಿದಿತ್ತು. ಮಗಳು ಯಾರನ್ನೂ ಕೇಳಲಿಲ್ಲ. ಅವತ್ತಿನಿಂದ ಚೀಲದ ನಿಜವಾದ ತೂಕವನ್ನಷ್ಟೇ ಕಳೆದು ಬರೆದಳು. ಜೊತೆಗೆ ಪ್ರತಿಯೊಬ್ಬರಿಗೂ ಒಂದು ಚೀಟಿ ಮಾಡಿ, ಅವತ್ತಿನ ತೂಕವನ್ನು ಅದರಲ್ಲೂ ಬರೆದು ಅವರ ಕೈಗೇ ಕೊಟ್ಟಳು. ಬಟವಾಡೆಯ ದಿನ ಯಾರ ಲೆಕ್ಕವೂ ಆಚೀಚೆ ಆಗಬಾರದು ಅಂತ.

ನಮ್ಮವರು ಏನನ್ನುತ್ತಾರೋ ಅಂತ ನನಗೆ ಸ್ವಲ್ಪ ಅಳುಕಿತ್ತು. ಲೆಕ್ಕದ ಪುಸ್ತಕವನ್ನು ಹಾಸಿಗೆಯಲ್ಲೇ ತರಿಸಿಕೊಂಡು ನೋಡಿದರು. ಚೀಲದ ವಿಷಯ ಕೇಳಿದರು, ಅವಳು ಹೇಳಿದಳು. ಸ್ವಲ್ಪ ಹೊತ್ತು ಪುಟ ತಿರುಗಿಸಿ, ‘ಇನ್ನು ಮೇಲೂ ಹೀಗೇ ಬರಿ’ ಅಂದರು. ದುಡ್ಡಿನಲ್ಲಿ ನೋಡಿದರೆ ನಮಗೆ ಬಿದ್ದ ಹೊರೆ ದೊಡ್ಡದೇನಲ್ಲ. ಆದರೆ ಕುಯ್ಯುವವರಿಗೆ ಅದು ಅವರ ಬೆವರಿನ ದುಡ್ಡು. ಆ ವಾರ ಒಬ್ಬ ಹೆಂಗಸು ಮಗಳ ಚೀಟಿಯನ್ನು ಸೆರಗಿಗೆ ಕಟ್ಟಿಕೊಂಡು ಹೋಗುವುದನ್ನು ನೋಡಿದೆ. ಮಗಳಿಗೆ ಅಸ್ಸಾಮಿ ಬರುವುದಿಲ್ಲ, ಅವರಿಗೆ ಕನ್ನಡ ಬರುವುದಿಲ್ಲ. ಇಬ್ಬರಿಗೂ ಬರುವ ಅಷ್ಟಿಷ್ಟು ಹಿಂದಿಯಲ್ಲೇ ಎಲ್ಲ ನಡೆಯಿತು. ನ್ಯಾಯ ಮಾಡಬೇಕು ಅಂತ ನಾವು ಮಕ್ಕಳಿಗೆ ಬಾಯಲ್ಲಿ ಹೇಳುತ್ತೇವೆ ನಿಜ. ಅವಳು ಅದನ್ನು ತಕ್ಕಡಿಗೆ ಇಟ್ಟು ನೋಡಿದಳು.

ಮಗನದು ಬೇರೆ ದಾರಿ. ಅವನು ಮಾತು ಕಡಿಮೆ. ಬೆಳಿಗ್ಗೆ ಏಳುವುದು ಕಷ್ಟ, ರಾತ್ರಿ ಹನ್ನೊಂದಾದರೂ ನಿದ್ದೆ ಬರುವುದಿಲ್ಲ. ನಮ್ಮ ಅತ್ತೆಗೆ ಇದೊಂದು ದೊಡ್ಡ ಚಿಂತೆಯಾಗಿತ್ತು. ಆದರೆ ಹದಿಹರೆಯದಲ್ಲಿ ನಿದ್ದೆ ತರಿಸುವ ಮೆಲಟೋನಿನ್ ಅನ್ನುವ ಹಾರ್ಮೋನು ರಾತ್ರಿ ತಡವಾಗಿ ಬಿಡುಗಡೆಯಾಗುತ್ತದೆ, ಹಾಗಾಗಿ ಮೈಯ ಗಡಿಯಾರವೇ ಒಂದೆರಡು ಗಂಟೆ ತಡವಾಗುತ್ತದೆ. ಅದು ಸೋಮಾರಿತನ ಅಲ್ಲ ಅಂತ ಅತ್ತೆಗೆ ತಿಳಿಸಿ ಹೇಳಿದ ಮೇಲೆ ಮನೆಯಲ್ಲಿ ಬೆಳಗಿನ ಕೂಗಾಟ ಕಡಿಮೆಯಾಯಿತು.

ಹೋದ ಮಳೆಗಾಲದಲ್ಲಿ ಅತ್ತೆಗೆ ಹುಷಾರಿಲ್ಲದೆ ಹಾಸನದ ಆಸ್ಪತ್ರೆಯಲ್ಲಿ ಇರಿಸಬೇಕಾಯಿತು. ಅವರ ಜೊತೆ ನಾನು ಹೋದೆ. ಮಗಳಿಗೆ ಪರೀಕ್ಷೆ, ಅವಳು ಚಿಕ್ಕಮಗಳೂರಿನಲ್ಲಿ ಗೆಳತಿಯ ಮನೆಯಲ್ಲಿದ್ದಳು. ಮನೆಯಲ್ಲಿ ಅಪ್ಪ ಮಗ ಇಬ್ಬರೇ. ಅಪ್ಪನಿಗೆ ಟೀ ಕಾಯಿಸುವುದು ಬಿಟ್ಟು ಏನೂ ಬರುವುದಿಲ್ಲ. ಮಗ ಒಲೆ ಮುಂದೆ ನಿಂತ. ಅಕ್ಕಿ ರೊಟ್ಟಿಗೆ ಕುದಿಯುವ ನೀರಿಗೆ ಹಿಟ್ಟು ಹಾಕಿ ತೊಳಸುವುದು ಸುಲಭದ ಕೆಲಸ ಅಲ್ಲ. ಗಂಟು ಕಟ್ಟಿದರೆ ರೊಟ್ಟಿ ತಟ್ಟುವಾಗ ಒಡೆಯುತ್ತದೆ. ಅವನು ನನಗೆ ಫೋನ್ ಮಾಡಲಿಲ್ಲ. ಪಕ್ಕದ ಮನೆಯ ದೊಡ್ಡಮ್ಮನ ಹತ್ತಿರ ಹೋಗಿ ನೋಡಿಕೊಂಡು ಬಂದ. ಬಸ್ಸಾರನ್ನೂ ಅವರಿಂದಲೇ ಕಲಿತ. ದಿನಾ ಸಂಜೆ ನಾನು ಫೋನ್ ಮಾಡಿ ‘ಊಟ ಏನು’ ಅಂತ ಕೇಳಿದರೆ, ಒಂದೇ ಮಾತಿನಲ್ಲಿ ಹೇಳಿ, ‘ಅಜ್ಜಿ ಹೇಗಿದ್ದಾರೆ?’ ಅಂತ ಕೇಳುತ್ತಿದ್ದ.

ಆ ದಿನಗಳಲ್ಲೇ ನಮ್ಮ ಹಸು ಮೇವು ಬಿಟ್ಟಿತಂತೆ. ಅಪ್ಪ ಬೆಳಿಗ್ಗೆಯೇ ತೋಟಕ್ಕೆ ಹೋಗಿದ್ದರು. ಹಸು ಮಲಗಿದ್ದು ಏಳುತ್ತಿಲ್ಲ, ಹೊಟ್ಟೆ ಉಬ್ಬರಿಸಿದೆ. ಮಗ 1962ಕ್ಕೆ ಫೋನ್ ಮಾಡಿದ. ಅದು ಪಶು ಆಂಬುಲೆನ್ಸ್‌ನ ಸಹಾಯವಾಣಿ. ನಂಬರನ್ನು ಊರಿಗೆ ಬಂದ ಆಂಬುಲೆನ್ಸ್ ಮೇಲೆ ನೋಡಿ ನೆನಪಿಟ್ಟುಕೊಂಡಿದ್ದನಂತೆ. ಡಾಕ್ಟರ್ ಬಂದು ಔಷಧಿ ಕೊಟ್ಟರು, ಸಂಜೆಗೆ ಹಸು ಎದ್ದಿತು. ಇದೆಲ್ಲ ನನಗೆ ಗೊತ್ತಾಗಿದ್ದು ಅತ್ತೆಯನ್ನು ಮನೆಗೆ ಕರೆದುಕೊಂಡು ಬಂದ ಮೇಲೆ. ‘ಯಾಕೋ ಹೇಳಲಿಲ್ಲ?’ ಅಂದರೆ, ‘ನೀನು ಅಲ್ಲಿಂದ ಏನು ಮಾಡೋಕಾಗ್ತಿತ್ತು? ಸುಮ್ನೆ ನಿನಗೂ ನಿದ್ದೆ ಇರ್ತಿರಲಿಲ್ಲ’ ಅಂದ. ಅಕ್ಕ ಅಂಗಡಿಯ ಬೆಂಚಿನಲ್ಲಿ ಕೂತು ಯೋಚಿಸಿದ್ದನ್ನೇ ಇವನು ಕೊಟ್ಟಿಗೆಯಲ್ಲಿ ನಿಂತು ಯೋಚಿಸಿದ್ದ.

ಗಂಡುಮಕ್ಕಳ ವಿಷಯದಲ್ಲಿ ನಮ್ಮ ಕಡೆ ಒಂದು ವಿಚಿತ್ರ ರೂಢಿ ಇದೆ. ಹುಡುಗ ದೊಡ್ಡವನಾದ ಅನ್ನುವುದಕ್ಕೆ ಗುರುತು ಬೈಕು. ಹದಿನೈದು ಹದಿನಾರಕ್ಕೆಲ್ಲ ಹುಡುಗರು ಗಾಡಿ ಓಡಿಸುತ್ತಾರೆ. ಹೆಲ್ಮೆಟ್ ಇಲ್ಲ, ಹಿಂದೆ ಇಬ್ಬರು. ‘ನಮ್ಮ ಹುಡುಗ ಬಿಡಿ, ಯಾರ ಸಹಾಯವೂ ಬೇಡ ಅವನಿಗೆ’ ಅಂತ ಮನೆಯವರೇ ಹೇಳುತ್ತಾರೆ. ನಾನು ಇದನ್ನು ಒಪ್ಪುವುದಿಲ್ಲ. ಗೇರ್ ಇರುವ ಗಾಡಿಗೆ 18 ತುಂಬಬೇಕು. 16ಕ್ಕೆ ಲೈಸೆನ್ಸ್ ಸಿಗುವುದು ಗೇರ್ ಇಲ್ಲದ, 50 ಸಿಸಿ ಮೀರದ ಗಾಡಿಗೆ ಮಾತ್ರ, ಅದಕ್ಕೂ ಪೋಷಕರ ಒಪ್ಪಿಗೆ ಬೇಕು. ಈಗಿನ ಪೆಟ್ರೋಲ್ ಸ್ಕೂಟರುಗಳು ಹೆಚ್ಚುಕಮ್ಮಿ ಎಲ್ಲ 100 ಸಿಸಿ ದಾಟಿದವೇ. 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ ಆದ ತಿದ್ದುಪಡಿಯ ಪ್ರಕಾರ, ಅಪ್ರಾಪ್ತರು ಗಾಡಿ ಓಡಿಸಿ ಅಪರಾಧವಾದರೆ ಪೋಷಕರಿಗೆ 25,000 ರೂಪಾಯಿ ದಂಡ, 3 ವರ್ಷದ ತನಕ ಜೈಲು. ಆ ಹುಡುಗನಿಗೆ 25 ವರ್ಷ ತುಂಬುವ ತನಕ ಲೈಸೆನ್ಸ್ ಸಿಗುವುದಿಲ್ಲ.

ಕಾನೂನು ಬಿಡಿ, ವಯಸ್ಸಿನದೂ ಒಂದು ಮಾತಿದೆ. ಮುಂದಾಗುವುದನ್ನು ತೂಗಿ ನೋಡುವ, ಆವೇಶಕ್ಕೆ ಕಡಿವಾಣ ಹಾಕುವ ಮೆದುಳಿನ ಮುಂಭಾಗ ಪೂರ್ತಿ ಬಲಿಯುವುದು ಇಪ್ಪತ್ತೈದರ ಆಸುಪಾಸಿನಲ್ಲಿ. ಗೆಳೆಯರು ಜೊತೆಗಿದ್ದಾಗ ಹದಿಹರೆಯದವರು ಜಾಸ್ತಿ ಅಪಾಯಕ್ಕೆ ಕೈ ಹಾಕುತ್ತಾರೆ ಅನ್ನುವುದೂ ಸಂಶೋಧನೆಗಳಲ್ಲಿ ಮತ್ತೆ ಮತ್ತೆ ಕಂಡ ವಿಷಯ. ಹಾಗಂತ ಇಪ್ಪತ್ತೈದರ ತನಕ ಕಟ್ಟಿಹಾಕಬೇಕಾ? ಖಂಡಿತ ಬೇಡ. ತಪ್ಪಾದರೆ ತಿದ್ದಿಕೊಳ್ಳಲು ಬರುವ ಕಡೆಯೆಲ್ಲ ಅವರಿಗೆ ಬಿಡಬೇಕು. ಸಾರಿಗೆ ಉಪ್ಪು ಜಾಸ್ತಿಯಾದರೆ ನಾಳೆ ಸರಿ ಮಾಡಬಹುದು. ಲೆಕ್ಕ ತಪ್ಪಿದರೆ ಮತ್ತೆ ಕೂಡಿಸಬಹುದು. ಚಾರ್ಮಾಡಿ ಘಟ್ಟದ ತಿರುವಿನಲ್ಲಿ ಬೈಕು ತಪ್ಪಿದರೆ ತಿದ್ದಿಕೊಳ್ಳಲು ಏನಿರುತ್ತದೆ?

ಮಗ ಗಾಡಿ ಕೇಳಿದಾಗ ಇದನ್ನೆಲ್ಲ ಹೇಳಿದೆವು. ಎರಡು ದಿನ ಮುಖ ಊದಿಸಿಕೊಂಡಿದ್ದ. ಆಮೇಲೆ ಸೇವಾ ಸಿಂಧುವಿನಲ್ಲಿ ತಾನೇ ಬಸ್ ಪಾಸಿಗೆ ಅರ್ಜಿ ಹಾಕಿದ, ಕೇರಿಯ ಇನ್ನೂ ಕೆಲವು ಮಕ್ಕಳದ್ದೂ ಹಾಕಿಕೊಟ್ಟ. ಅವರ ಅಮ್ಮಂದಿರು ಈಗ ಯಾವ ಅರ್ಜಿ ಇದ್ದರೂ ಅವನನ್ನೇ ಕೇಳಿಕೊಂಡು ಬರುತ್ತಾರೆ. ಬೈಕು ಓಡಿಸುವ ಹುಡುಗರಿಗೆ ಸಿಗದ ಮರ್ಯಾದೆ ಅದು, ಅವನಿಗೂ ಅದು ಗೊತ್ತಾಗಿದೆ ಅಂತ ನನಗನ್ನಿಸುತ್ತದೆ.

ಮೊನ್ನೆ ಮಗಳ ಜೊತೆ ಬ್ಯಾಂಕಿಗೆ ಹೋಗಿದ್ದೆ. ಸ್ಕಾಲರ್‌ಶಿಪ್ಪಿಗೆ ಅಂತ ಅವಳು ಚಿಕ್ಕವಳಿದ್ದಾಗ ಮಾಡಿಸಿದ ಖಾತೆ, ಪೋಷಕರ ಜಾಗದಲ್ಲಿ ನನ್ನ ಸಹಿ ಇತ್ತು. 18 ತುಂಬಿದ ಮೇಲೆ ಹೊಸದಾಗಿ ದಾಖಲೆ ಕೊಟ್ಟು, ಖಾತೆಯನ್ನು ತಾವೇ ನಡೆಸುತ್ತೇವೆ ಅಂತ ಬರೆದು, ತಮ್ಮ ಸಹಿ ಮಾಡಬೇಕು. ನಾನು ಬರುವ ಅಗತ್ಯವೇ ಇರಲಿಲ್ಲ, ಅವಳು ‘ಬಾ ಅಮ್ಮಾ’ ಅಂದಳು ಅಂತ ಹೋದೆ. ಕೌಂಟರಿನಲ್ಲಿ ಏನು ಬೇಕು ಅಂತ ಅವಳೇ ಮಾತಾಡಿದಳು. ನಾನು ಹಿಂದೆ ಕುರ್ಚಿಯಲ್ಲಿ ಕೂತಿದ್ದೆ. ಕೌಂಟರಿನವರು ಅಭ್ಯಾಸಬಲದಿಂದ ಒಂದು ಸಲ ನನ್ನ ಕಡೆ ನೋಡಿದರು, ಆಮೇಲೆ ಅವಳ ಹತ್ತಿರವೇ ಮಾತು ಮುಂದುವರಿಸಿದರು. ಆ ಒಂದು ಕ್ಷಣ ನನಗೆ ತುಂಬ ಇಷ್ಟವಾಯಿತು.

ಮತದಾರರ ಪಟ್ಟಿಯ ಕೆಲಸವನ್ನು ಅವಳು ಅದಕ್ಕೂ ಮೊದಲೇ ಮುಗಿಸಿದ್ದಳು. 2022ರಿಂದ 17 ತುಂಬಿದವರು ಮುಂಚಿತವಾಗಿ ಫಾರಂ 6 ತುಂಬಬಹುದು. ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್, ಈ ನಾಲ್ಕು ತಿಂಗಳ 1ನೇ ತಾರೀಖುಗಳಲ್ಲಿ ಯಾವುದಕ್ಕೆ 18 ತುಂಬುತ್ತದೋ ಆಗ ಹೆಸರು ಸೇರುತ್ತದೆ. ನನ್ನ ಅಪ್ಪ ಮೊದಲ ಓಟು ಹಾಕಲು 21 ಆಗುವ ತನಕ ಕಾದವರು. 18ಕ್ಕೆ ಇಳಿದದ್ದು 1989ರಲ್ಲಿ. ಗುರುತಿನ ಚೀಟಿ ಬಂದಾಗ ಮಗಳು ಅದನ್ನು ಮೊದಲು ತೋರಿಸಿದ್ದು ಫೋನಿನಲ್ಲಿ ನನ್ನ ಅಪ್ಪನಿಗೆ. ಯಾರಿಗೆ ಹಾಕುತ್ತೀಯಾ ಅಂತ ತಾತ ಕೇಳಿದರೆ ‘ಹೇಳಲ್ಲ ತಾತ’ ಅಂದಳು. ಅವರಿಗೆ ಬಹಳ ಖುಷಿಯಾಯಿತು. ನನಗೆ ಫೋನ್ ಕೊಡಿಸಿಕೊಂಡು, ‘ನಿನ್ನ ಮಗಳು ಗಟ್ಟಿ ಕಣಮ್ಮಾ’ ಅಂದರು.

ಭಯ ಪೂರ್ತಿ ಹೋಗಿದೆಯಾ ಅಂದರೆ, ಇಲ್ಲ. 2019ರ ಆಗಸ್ಟಿನ ಮಳೆ ನಮ್ಮ ತಾಲ್ಲೂಕಿನವರಿಗೆ ಮರೆಯುವ ಹಾಗಿಲ್ಲ. ಗುಡ್ಡಗಳು ಕುಸಿದು ಮನೆ, ತೋಟ, ರಸ್ತೆ ಹೋದವು. ಆಗ ಮಕ್ಕಳು ಚಿಕ್ಕವರು. ಕರೆಂಟಿಲ್ಲದ ರಾತ್ರಿಗಳಲ್ಲಿ ಇಬ್ಬರನ್ನೂ ಎರಡು ಪಕ್ಕಕ್ಕೆ ಮಲಗಿಸಿಕೊಂಡು ಮಳೆಯ ಸದ್ದು ಕೇಳುತ್ತಿದ್ದೆ. ಕೈಗೆ ಸಿಗುವಷ್ಟು ಹತ್ತಿರ ಇದ್ದರೆ ಸಾಕು ಅನ್ನಿಸುತ್ತಿತ್ತು. ಈಗಲೂ ಜುಲೈನಲ್ಲಿ ಮಳೆ ಬಿಡದೆ ಹೊಡೆದಾಗ, ಮಗಳ ಬಸ್ಸು ತಡವಾದರೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಮೊಬೈಲಿನಲ್ಲಿ ಮಕ್ಕಳು ಎಲ್ಲಿದ್ದಾರೆ ಅಂತ ಸದಾ ನೋಡುವ ವ್ಯವಸ್ಥೆ ಇದೆ, ಅದನ್ನು ಹಾಕಿಕೊಳ್ಳಿ ಅಂತ ಬಹಳ ಜನ ಹೇಳಿದರು. ನಾವು ಹಾಕಿಲ್ಲ. ಘಟ್ಟದ ದಾರಿಯಲ್ಲಿ ಹೋಗುವಾಗ, ರಾತ್ರಿ ಪ್ರಯಾಣ ಇದ್ದಾಗ ಮಗಳು ತಾನಾಗಿಯೇ ಲೊಕೇಶನ್ ಕಳಿಸುತ್ತಾಳೆ. ಅವಳು ಕಳಿಸಿದ್ದನ್ನು ನಾನು ನೋಡುತ್ತೇನೆ. ಕದ್ದು ನೋಡುವ ಅಮ್ಮನಿಗೆ ಮಕ್ಕಳು ನಿಜ ಹೇಳುವ ಅಭ್ಯಾಸ ಬಿಟ್ಟುಬಿಡುತ್ತಾರೆ ಅನ್ನುವುದು ನನ್ನ ಅನಿಸಿಕೆ.

ಈಗ ಮನೆಯಲ್ಲಿ ನಡೆಯುತ್ತಿರುವ ಮಾತು ಮಗನ ಪಿಯುಸಿಯದು. ಮಲೆನಾಡಿನ ಬಹಳ ಮನೆಗಳಲ್ಲಿ ಎಸ್‌ಎಸ್‌ಎಲ್‌ಸಿ ಆದ ಕೂಡಲೇ ಮಕ್ಕಳನ್ನು ಘಟ್ಟದ ಕೆಳಗಿನ ದೊಡ್ಡ ಕಾಲೇಜುಗಳ ಹಾಸ್ಟೆಲಿಗೆ ಸೇರಿಸುತ್ತಾರೆ. ಸೈನ್ಸ್, ಕೋಚಿಂಗ್, ಸಿಇಟಿ. ನಮ್ಮ ನೆಂಟರೆಲ್ಲ ಅದನ್ನೇ ಹೇಳುತ್ತಿದ್ದಾರೆ. ಮಗ ತನ್ನಷ್ಟಕ್ಕೆ ತಾನು ಒಂದು ನೋಟ್‌ಬುಕ್ ಇಟ್ಟುಕೊಂಡಿದ್ದಾನೆ. ಮೂಡಿಗೆರೆ, ಚಿಕ್ಕಮಗಳೂರು, ಹಾಸನ, ಕೆಳಗಿನ ಕಾಲೇಜು, ಎಲ್ಲದರ ಫೀಸು, ಹಾಸ್ಟೆಲ್, ಬಸ್ಸಿನ ಸಮಯ ಬರೆದಿದ್ದಾನೆ. ಅಲ್ಲಿ ಓದುತ್ತಿರುವ ಹುಡುಗರಿಗೆ ಫೋನ್ ಮಾಡಿ ಕೇಳಿದ್ದಾನೆ. ಕಾಮರ್ಸ್ ತೆಗೆದುಕೊಳ್ಳುವ ಮನಸ್ಸಿದೆ ಅಂತ ಅಕ್ಕನಿಗೆ ಹೇಳಿದ್ದಾನಂತೆ, ನಮಗಿನ್ನೂ ಹೇಳಿಲ್ಲ. ಇಲ್ಲೇ ಮೂಡಿಗೆರೆಯಲ್ಲಿ ತೋಟಗಾರಿಕೆ ಕಾಲೇಜಿದೆ, ಸೈನ್ಸ್ ಓದಿದರೆ ಮುಂದೆ ಅಲ್ಲಿಗೆ ಸೇರಬಹುದು ಅಂತ ಅವರಪ್ಪನಿಗೆ ಒಳಗೊಳಗೇ ಆಸೆ. ಆ ಆಸೆಯನ್ನು ಅವರು ಒಮ್ಮೆ ಹೇಳಿದರು, ಮತ್ತೆ ಹೇಳಿಲ್ಲ.

ಹೋದ ವಾರ ಊಟಕ್ಕೆ ಕೂತಾಗ ಅತ್ತೆಯೇ ಕೇಳಿಬಿಟ್ಟರು, ‘ಏನೋ ಮಗಾ, ಎಲ್ಲಿಗೆ ಸೇರ್ತೀಯಾ?’ ಅಂತ. ಮಗ ಸಾರು ಬಡಿಸಿಕೊಳ್ಳುತ್ತಾ, ‘ಇನ್ನೊಂದು ಕಾಲೇಜು ನೋಡೋದಿದೆ ಅಜ್ಜಿ. ನೋಡಿಕೊಂಡು ಬಂದು ರಿಸಲ್ಟ್ ಬರೋದರೊಳಗೆ ಹೇಳ್ತೀನಿ’ ಅಂದ. ಅದು ಹಾಸನದಲ್ಲಿದೆ. ಶನಿವಾರ ಒಬ್ಬನೇ ಹೋಗಿ ಬರುತ್ತಾನಂತೆ.